ಬ್ರಿಕ್ಸ್ ಒಂದೇ, ರುಚಿ ಬೇರೆ: ಉತ್ತರದ ಬೆರ್ರಿ ತಳಿಗಳ ಸಕ್ಕರೆ, ಹುಳಿ ಮತ್ತು ಪರಿಮಳ

ಪ್ರಶ್ನೆ: ನಾವು ಫಿನ್‌ಲೆಂಡಿನ ಟಾಂಪೆರೆಯಲ್ಲಿ ನೆಲೆಸಿದ್ದೇವೆ. ಹಿತ್ತಲಿನಲ್ಲಿ ಕಿತ್ತಳೆ ಬಣ್ಣದ ಹುಳಿ ಬೆರ್ರಿ ಬಿಡುವ ಎರಡು ಸೀ ಬಕ್‌ಥಾರ್ನ್ ಗಿಡಗಳಿವೆ. ಒಂದು ಇಲ್ಲಿಯದೇ ಆದ ‘ತೆರ್ಹಿ’ ತಳಿ, ಇನ್ನೊಂದು ಸೈಬೀರಿಯಾ ಮೂಲದ ‘ಚುಯ್ಸ್ಕಾಯಾ’. ರಸದ ಸಕ್ಕರೆ ಅಳೆಯಲು ಬಳಸುವ ರಿಫ್ರಾಕ್ಟೋಮೀಟರಿನಲ್ಲಿ ಎರಡರ ರಸವೂ 9 ಡಿಗ್ರಿ ಬ್ರಿಕ್ಸ್ ಆಸುಪಾಸಿನಲ್ಲಿದೆ. ಆದರೂ ತೆರ್ಹಿ ಬಾಯಿಗಿಡಲಾಗದಷ್ಟು ಹುಳಿ, ಚುಯ್ಸ್ಕಾಯಾ ಪರವಾಗಿಲ್ಲ ಎನ್ನುವಂತಿದೆ. ಬೆಂಗಳೂರಿನಲ್ಲಿ ಕುಡಿದಿದ್ದ ಲಡಾಖಿನ ಪ್ಯಾಕೆಟ್ ರಸವಂತೂ ಸಿಹಿಯಾಗಿಯೇ ಇತ್ತು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಬ್ಲ್ಯಾಕ್‌ಕರಂಟ್ ತಳಿಗಳಲ್ಲೂ ಹೀಗೆಯೇ ಇದೆಯೇ? ಬೇಸಿಗೆಯ ದೀರ್ಘ ಹಗಲಿನಿಂದಾಗಿ ಉತ್ತರದ ಹಣ್ಣು ಹೆಚ್ಚು ಸಿಹಿ ಎಂದು ಇಲ್ಲಿಯವರು ಹೇಳುವುದು ನಿಜವೇ? ಇನ್ನೆರಡು ಗಿಡಗಳಿಗೆ ಜಾಗವಿದೆ. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವಂಥ ಹಣ್ಣು ಯಾವುದು?

ಉತ್ತರ: ನಿಮ್ಮ ಉಪಕರಣದಲ್ಲಿ ದೋಷವಿಲ್ಲ. ಅದು ಅಳೆಯುವುದು ಸಕ್ಕರೆಯೊಂದನ್ನೇ ಎಂದು ನಾವು ಭಾವಿಸಿಕೊಳ್ಳುತ್ತೇವೆ, ತೊಡಕಿರುವುದು ಅಲ್ಲಿ. ರಿಫ್ರಾಕ್ಟೋಮೀಟರ್ ಬೆಳಕು ರಸದೊಳಗೆ ಎಷ್ಟು ಬಾಗುತ್ತದೆ ಎಂಬುದನ್ನು ನೋಡಿ, ಅಷ್ಟೇ ಬಾಗಬೇಕಾದರೆ ನೀರಿನಲ್ಲಿ ಎಷ್ಟು ಸುಕ್ರೋಸ್ (ಮಾಮೂಲಿ ಸಕ್ಕರೆ) ಕರಗಿರಬೇಕಿತ್ತು ಎಂದು ಹೇಳುತ್ತದೆ; ಆ ಅಂಕಿಯೇ ಬ್ರಿಕ್ಸ್. ರಸದಲ್ಲಿ ಕರಗಿರುವ ಆಮ್ಲ, ಖನಿಜ, ಇತರ ಸಂಯುಕ್ತಗಳೆಲ್ಲವೂ ಬೆಳಕನ್ನು ಬಾಗಿಸುತ್ತವೆ. ಮಾಗಿದ ದ್ರಾಕ್ಷಿಯಂಥ ಹಣ್ಣಿನಲ್ಲಿ ಸಕ್ಕರೆಯ ಪಾಲೇ ಬಹುದೊಡ್ಡದಾದ್ದರಿಂದ ಈ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಉತ್ತರದ ಬೆರ್ರಿಗಳಲ್ಲಿ, ಅದರಲ್ಲೂ ಸೀ ಬಕ್‌ಥಾರ್ನ್‌ನಲ್ಲಿ, ಆಮ್ಲದ ಪ್ರಮಾಣ ಸಕ್ಕರೆಗೆ ಸರಿಸಮನಾಗಿಯೋ ಅದನ್ನು ಮೀರಿಯೋ ಇರುವುದುಂಟು. ಅಂಥ ಕಡೆ ಬ್ರಿಕ್ಸ್ ಅಂಕಿಯನ್ನು ಸಿಹಿಯ ಅಂಕಿ ಎಂದು ಓದಿದರೆ ದಾರಿ ತಪ್ಪುತ್ತದೆ.

ಕಿತ್ತಳೆ, ನಿಂಬೆ ರಸದ ಉದ್ಯಮದಲ್ಲಿ ಇದಕ್ಕೊಂದು ತಿದ್ದುಪಡಿಯೇ ಇದೆ. ಶೇಕಡ 1ರಷ್ಟು ಸಿಟ್ರಿಕ್ ಆಮ್ಲವು ರಿಫ್ರಾಕ್ಟೋಮೀಟರಿನಲ್ಲಿ ಸುಮಾರು 0.8 ಡಿಗ್ರಿಯಷ್ಟು ಬ್ರಿಕ್ಸ್ ಆಗಿ ಕಾಣಿಸುತ್ತದೆ. ಸರಿಸುಮಾರು ಇದೇ ಅಳತೆಯನ್ನು ನಿಮ್ಮ ಗಿಡಗಳಿಗೆ ಹಚ್ಚಿ, ಉದಾಹರಣೆಗೆಂದು ಲೆಕ್ಕ ಹಾಕೋಣ. ಒಂದು ರಸದಲ್ಲಿ 100 ಮಿಲಿಲೀಟರಿಗೆ 6 ಗ್ರಾಂ ಸಕ್ಕರೆ, 3 ಗ್ರಾಂ ಆಮ್ಲ ಇದೆ ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ 3 ಗ್ರಾಂ ಸಕ್ಕರೆ, 5 ಗ್ರಾಂ ಆಮ್ಲ. ಮೊದಲನೆಯದು 8.4ರ ಹತ್ತಿರ, ಎರಡನೆಯದು 7ರ ಹತ್ತಿರ ಬರುತ್ತದೆ. ಉಳಿದ ಘನಾಂಶಗಳು ಎರಡನೆಯದರಲ್ಲಿ ತುಸು ಹೆಚ್ಚಿದ್ದರೂ ಸಾಕು, ಎರಡೂ ಒಂದೇ ಗೆರೆಯ ಬಳಿ ನಿಲ್ಲುತ್ತವೆ. ಆದರೆ ಸಕ್ಕರೆಯನ್ನು ಆಮ್ಲದಿಂದ ಭಾಗಿಸಿದರೆ ಮೊದಲನೆಯದರ ಅನುಪಾತ 2, ಎರಡನೆಯದರದ್ದು 0.6. ನಾಲಿಗೆಗೆ ತಿಳಿಯುವುದು ಬಹುಮಟ್ಟಿಗೆ ಈ ಅನುಪಾತ. ಇವು ಕಲ್ಪಿತ ಅಂಕಿಗಳಾದರೂ ವಾಸ್ತವದಿಂದ ದೂರವಿಲ್ಲ: ಫಿನ್‌ಲೆಂಡಿನಲ್ಲಿ ಬೆಳೆದ ಸೀ ಬಕ್‌ಥಾರ್ನ್ ತಳಿಗಳ ರಸದಲ್ಲಿ ಸಕ್ಕರೆ ಸರಿಸುಮಾರು 2ರಿಂದ 7 ಗ್ರಾಂವರೆಗೂ, ಆಮ್ಲ 3ರಿಂದ 5 ಗ್ರಾಂವರೆಗೂ ವ್ಯತ್ಯಾಸವಾಗುತ್ತದೆ. ಹೋಲಿಸಿ ನೋಡಲು, ಸ್ಟ್ರಾಬೆರ್ರಿಯಲ್ಲಿ ಇದೇ ಅನುಪಾತ ಸಾಮಾನ್ಯವಾಗಿ 6ಕ್ಕಿಂತ ಮೇಲಿರುತ್ತದೆ, ಬ್ಲ್ಯಾಕ್‌ಕರಂಟ್‌ನಲ್ಲಿ 3ರ ಸುತ್ತಮುತ್ತ ಇರುತ್ತದೆ.

ನಿಮ್ಮ ಎರಡು ಗಿಡಗಳ ನಡುವಿನ ಅಂತರಕ್ಕೆ ವಂಶವೇ ಮುಖ್ಯ ಕಾರಣ. ಸೀ ಬಕ್‌ಥಾರ್ನ್ ಒಂದೇ ಪ್ರಭೇದವಾದರೂ ಯುರೋಪಿನಿಂದ ಚೀನಾದವರೆಗೆ ಹಲವು ಉಪಪ್ರಭೇದಗಳಾಗಿ ಹರಡಿಕೊಂಡಿದೆ. ತೆರ್ಹಿ, ಅದರ ಜೊತೆಯ ತ್ಯುಟ್ಟಿ, ಗಂಡುಗಿಡವಾದ ತಾರ್ಮೊ, ಇವೆಲ್ಲ ಫಿನ್‌ಲೆಂಡಿನ ಕೃಷಿ ಸಂಶೋಧನೆಯಿಂದ ಬಂದ ತಳಿಗಳು. ಬಾಲ್ಟಿಕ್ ಸಮುದ್ರದ ಕರಾವಳಿಯಲ್ಲಿ ಕಾಡುಗಿಡವಾಗಿ ಬೆಳೆಯುವ ಯುರೋಪಿನ ಉಪಪ್ರಭೇದದ ಗುಣ ಇಂಥ ತಳಿಗಳಲ್ಲಿ ಗಟ್ಟಿಯಾಗಿದೆ: ಹಣ್ಣು ಚಿಕ್ಕದು, ಬಣ್ಣ ಗಾಢ, ಆಮ್ಲ ಹೆಚ್ಚು, ಸಕ್ಕರೆ ಕಡಿಮೆ. ಚುಯ್ಸ್ಕಾಯಾ ಮಂಗೋಲಿಯಾ–ಅಲ್ತಾಯ್ ಕಡೆಯ ಉಪಪ್ರಭೇದದ ಸಂತತಿ. ಅಲ್ತಾಯ್ ಪ್ರಾಂತ್ಯದ ಬರ್ನಾವುಲ್‌ನಲ್ಲಿರುವ ಲಿಸಾವೆಂಕೊ ಸಂಸ್ಥೆಯಲ್ಲಿ ದಶಕಗಳ ಕಾಲ ದೊಡ್ಡ ಹಣ್ಣು, ಕಡಿಮೆ ಮುಳ್ಳು, ಸುಲಭವಾಗಿ ಕೀಳಲು ಬರುವ ಉದ್ದ ತೊಟ್ಟು, ಸೌಮ್ಯ ರುಚಿ ಇವುಗಳಿಗಾಗಿಯೇ ಆಯ್ಕೆ ನಡೆಯಿತು. ಹೀಗಾಗಿ ಸೈಬೀರಿಯದ ತಳಿಗಳು ಹಸಿಯಾಗಿ ತಿನ್ನಲು ಒದಗುತ್ತವೆ. ಇನ್ನು ಚೀನಾದ ಉಪಪ್ರಭೇದ ಮತ್ತೊಂದು ತುದಿ; ಅದರ ಕಾಡುಹಣ್ಣಿನಲ್ಲಿ ಮ್ಯಾಲಿಕ್ ಆಮ್ಲವೂ ಸಿ ಜೀವಸತ್ವವೂ ಯುರೋಪಿನ ತಳಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ಸಿ ಜೀವಸತ್ವಕ್ಕಾಗಿ ಈ ಹಣ್ಣನ್ನು ಹೊಗಳುವ ಜಾಹೀರಾತುಗಳು ಯಾವ ಉಪಪ್ರಭೇದದ ಅಂಕಿಯನ್ನು ಬಳಸುತ್ತಿವೆ ಎಂದು ಹೇಳುವುದೇ ಇಲ್ಲ, ಇದು ನನ್ನ ಹಳೆಯ ಆಕ್ಷೇಪ.

ಲಡಾಖಿನ ಹಣ್ಣು ಇವೆಲ್ಲಕ್ಕಿಂತ ಬೇರೆಯಾದ ತುರ್ಕಿಸ್ತಾನದ ಉಪಪ್ರಭೇದಕ್ಕೆ ಸೇರಿದ್ದು, ಬಹುಪಾಲು ಕಾಡಿನಿಂದಲೇ ಸಂಗ್ರಹಿಸುವಂಥದ್ದು, ಮತ್ತು ಅದೂ ಹುಳಿಯೇ. ಲೇಹ್‌ನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಅದರಿಂದ ಪೇಯ ತಯಾರಿಸುವ ವಿಧಾನವನ್ನು ರೂಪಿಸಿದ ಮೇಲೆ ಅದು ಬಯಲುಸೀಮೆಯ ಅಂಗಡಿಗಳಿಗೂ ಬಂತು. ನೀವು ಕುಡಿದದ್ದು ನೀರು ಬೆರೆಸಿ ಸಕ್ಕರೆ ಹಾಕಿದ ಪೇಯ. ಅದರ ಸಿಹಿಯನ್ನು ನಿಮ್ಮ ಹಿತ್ತಲಿನ ಹಿಂಡಿದ ರಸದೊಡನೆ ಹೋಲಿಸಿದರೆ ತೆರ್ಹಿಗೆ ಅನ್ಯಾಯವಾಗುತ್ತದೆ.

ಸಕ್ಕರೆ ಎಷ್ಟಿದೆ ಎಂಬುದರ ಜೊತೆಗೆ ಯಾವ ಸಕ್ಕರೆ ಎಂಬುದನ್ನೂ ನೋಡಬೇಕು. ಸೀ ಬಕ್‌ಥಾರ್ನ್‌ನ ಸಕ್ಕರೆಯಲ್ಲಿ ಗ್ಲೂಕೋಸಿನ ಪಾಲು ದೊಡ್ಡದು, ಫ್ರಕ್ಟೋಸ್ ಅದಕ್ಕಿಂತ ಕಡಿಮೆ, ಸುಕ್ರೋಸ್ ನಾಮಮಾತ್ರ. ಸುಕ್ರೋಸಿನ ಸಿಹಿಯನ್ನು 1 ಎಂದುಕೊಂಡರೆ ಗ್ಲೂಕೋಸಿನದು ಸುಮಾರು 0.7 ಮಾತ್ರ, ಫ್ರಕ್ಟೋಸಿನದು 1ಕ್ಕಿಂತ ಹೆಚ್ಚು. ಬ್ಲ್ಯಾಕ್‌ಕರಂಟ್‌ನಲ್ಲಿ ಫ್ರಕ್ಟೋಸ್ ಗ್ಲೂಕೋಸಿಗಿಂತ ಸ್ವಲ್ಪ ಮೇಲುಗೈಯಾಗಿರುವುದರಿಂದ ಅಷ್ಟೇ ಗ್ರಾಂ ಸಕ್ಕರೆ ಅಲ್ಲಿ ಹೆಚ್ಚು ಸಿಹಿಯಾಗಿ ತೋರುತ್ತದೆ. ಇದಲ್ಲದೆ ಸೀ ಬಕ್‌ಥಾರ್ನ್‌ನಲ್ಲಿ ಎರಡು ವಿಚಿತ್ರ ಪದಾರ್ಥಗಳಿವೆ: ಈಥೈಲ್ ಗ್ಲೂಕೋಸೈಡ್ ಮತ್ತು ಕ್ವೆಬ್ರಾಕಿಟಾಲ್. ಈಥೈಲ್ ಗ್ಲೂಕೋಸೈಡ್ ಯುರೋಪಿನ ಉಪಪ್ರಭೇದದಲ್ಲಿ ಗಣನೀಯವಾಗಿರುತ್ತದೆ, ಹಣ್ಣು ಮಾಗುತ್ತ ಹೋದಂತೆ ಏರುತ್ತದೆ, ರುಚಿಯಲ್ಲಿ ಕಹಿಯ ಕಡೆಗೆ ವಾಲುತ್ತದೆ. ರಿಫ್ರಾಕ್ಟೋಮೀಟರ್ ಇವೆರಡನ್ನೂ ಸಕ್ಕರೆಯ ಖಾತೆಗೇ ಜಮಾ ಮಾಡುತ್ತದೆ. ರಸದಲ್ಲಿ ತೇಲುವ ಎಣ್ಣೆಯ ಕಣಗಳಿಂದ ಗೆರೆ ಮಸುಕಾಗುವುದೂ ಉಂಟು. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಕೆಳಗಿನ ತಿಳಿಯನ್ನು ತೆಗೆದು ನೋಡುವುದು ಒಳ್ಳೆಯದು.

ಆಮ್ಲದ ವಿಷಯದಲ್ಲಂತೂ ಯಾವುದು ಎಂಬ ಪ್ರಶ್ನೆ ಇನ್ನೂ ಮುಖ್ಯ. ಹುಣಸೆಯ ಹುಳಿಯೂ ನಿಂಬೆಯ ಹುಳಿಯೂ ಒಂದೇ ಅಲ್ಲ ಎಂಬುದು ಸಾರು ಮಾಡುವವರಿಗೆಲ್ಲ ಗೊತ್ತು. ಒಂದರಲ್ಲಿ ಟಾರ್ಟಾರಿಕ್ ಆಮ್ಲ, ಇನ್ನೊಂದರಲ್ಲಿ ಸಿಟ್ರಿಕ್. ಹಾಗೆಯೇ ಬ್ಲ್ಯಾಕ್‌ಕರಂಟ್‌ನ ಹುಳಿ ಮುಖ್ಯವಾಗಿ ಸಿಟ್ರಿಕ್ ಆಮ್ಲದ್ದು: ಥಟ್ಟನೆ ಏರುತ್ತದೆ, ಬೇಗನೆ ಇಳಿಯುತ್ತದೆ. ಸೀ ಬಕ್‌ಥಾರ್ನ್‌ನಲ್ಲಿ ಮ್ಯಾಲಿಕ್ ಮತ್ತು ಕ್ವಿನಿಕ್ ಆಮ್ಲಗಳದ್ದೇ ದರ್ಬಾರು. ಮ್ಯಾಲಿಕ್ ಆಮ್ಲದ ಹುಳಿ ನಿಧಾನವಾಗಿ ಏರಿ ಬಾಯಲ್ಲಿ ಉಳಿಯುತ್ತದೆ. ಕ್ವಿನಿಕ್ ಆಮ್ಲದ ಹುಳಿ ಅಷ್ಟು ತೀಕ್ಷ್ಣವಲ್ಲದಿದ್ದರೂ ಅದರ ಹಿಂದೆ ಕಹಿ–ಒಗರಿನ ಛಾಯೆಯಿರುತ್ತದೆ. ಕಾಡಿನ ಬಿಲ್‌ಬೆರ್ರಿಯಲ್ಲೂ ಕ್ವಿನಿಕ್ ಆಮ್ಲ ಪ್ರಮುಖ, ಆದರೆ ತೋಟದ ಹೈಬುಷ್ ಬ್ಲೂಬೆರ್ರಿಯಲ್ಲಿ ಸಿಟ್ರಿಕ್ ಆಮ್ಲದ್ದೇ ಮೇಲುಗೈ. ಅಂಗಡಿಯ ದಪ್ಪ ಬ್ಲೂಬೆರ್ರಿ ತಿಂದು ಕಾಡಿನದರ ರುಚಿ ಇದರಲ್ಲಿಲ್ಲ ಎಂದು ಫಿನ್‌ಲೆಂಡಿನವರು ಗೊಣಗುವುದಕ್ಕೆ ಇದೊಂದು ಕಾರಣ. ನೀವು ‘ಬಾಯಿಗಿಡಲಾಗದು’ ಎಂದು ಬರೆದಿರುವ ಅನುಭವದಲ್ಲಿ ಹುಳಿಯ ಜೊತೆಗೆ ಒಗರೂ ಸೇರಿದೆ ಎಂಬುದು ನನ್ನ ಊಹೆ. ಫ್ಲೇವನಾಲ್ ಗ್ಲೈಕೋಸೈಡ್‌ಗಳಂಥ ಫೀನಾಲಿಕ್ ಸಂಯುಕ್ತಗಳು ಬಾಯನ್ನು ಒಣಗಿಸಿದಂತೆ ಮಾಡುತ್ತವೆ, ಆಮ್ಲ ಹೆಚ್ಚಿದ್ದಾಗ ಆ ಒಗರು ಇನ್ನಷ್ಟು ಎದ್ದು ಕಾಣುತ್ತದೆ. ಸಕ್ಕರೆ ಸುರಿದರೆ ಹುಳಿ ಮರೆಯಾಗುತ್ತದೆ, ಒಗರು ಹಾಗೆಯೇ ಉಳಿಯುತ್ತದೆ. ಆದ್ದರಿಂದ ತೆರ್ಹಿಯ ರಸಕ್ಕೆ ಸಕ್ಕರೆ ಹೆಚ್ಚಿಸುತ್ತ ಹೋಗುವುದಕ್ಕಿಂತ ನೀರನ್ನೋ ಕ್ಯಾರೆಟ್ ರಸವನ್ನೋ ಬೆರೆಸಿ ತಿಳಿಯಾಗಿಸುವುದು, ಅಥವಾ ಮೊಸರು, ಕೆನೆಯ ಜೊತೆ ಸೇರಿಸುವುದು ಮೇಲು. ಹಾಲಿನ ಪ್ರೋಟೀನು ಒಗರಿನ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆಮ್ಲದ ಗುರುತು ತಿಳಿದಿದ್ದರೆ ಸಂಸ್ಕರಣೆಯ ದಾರಿಯೂ ಕಾಣುತ್ತದೆ ಎಂಬುದಕ್ಕೆ ತುರ್ಕು ವಿಶ್ವವಿದ್ಯಾಲಯದವರು ಸೇರಿ ಮಾಡಿದ ಪ್ರಯೋಗವೊಂದು ಒಳ್ಳೆಯ ನಿದರ್ಶನ. ದ್ರಾಕ್ಷಾರಸ ತಯಾರಿಕೆಯಲ್ಲಿ ಬಳಸುವ ಈನೋಕಾಕಸ್ ಬ್ಯಾಕ್ಟೀರಿಯಾವನ್ನು ಅವರು ಸೀ ಬಕ್‌ಥಾರ್ನ್ ರಸಕ್ಕೆ ಹಾಕಿದರು. ಅದು ಮ್ಯಾಲಿಕ್ ಆಮ್ಲವನ್ನು ಅದಕ್ಕಿಂತ ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಸಕ್ಕರೆ ಸೇರಿಸದೆಯೇ ರಸದ ಹುಳಿ ತಗ್ಗುತ್ತದೆ. ಸಿಟ್ರಿಕ್ ಆಮ್ಲ ತುಂಬಿದ ಬ್ಲ್ಯಾಕ್‌ಕರಂಟ್‌ಗೆ ಈ ಉಪಾಯ ಹೊಂದುವುದಿಲ್ಲ. ಮನೆಯಲ್ಲಿ ಇದನ್ನು ಪ್ರಯತ್ನಿಸಲು ನಾನು ಸೂಚಿಸುವುದಿಲ್ಲ, ಇಷ್ಟು ಕಡಿಮೆ ಪಿಎಚ್‌ನಲ್ಲಿ ಬ್ಯಾಕ್ಟೀರಿಯಾ ಬದುಕುವಂತೆ ನೋಡಿಕೊಳ್ಳುವುದೇ ಕಷ್ಟ.

ಬ್ಲ್ಯಾಕ್‌ಕರಂಟ್‌ನಲ್ಲೂ ತಳಿಭೇದವಿದೆ, ಆದರೆ ಅದರ ಸ್ವರೂಪ ಬೇರೆ. ಸಕ್ಕರೆ–ಆಮ್ಲದ ಅಂತರ ಸೀ ಬಕ್‌ಥಾರ್ನ್‌ನಷ್ಟು ವಿಪರೀತವಿಲ್ಲ. ಪರಿಮಳದ ಅಂತರ ದೊಡ್ಡದು. ಇದಕ್ಕೆ ತಳಿ ಅಭಿವೃದ್ಧಿಯ ಇತಿಹಾಸ ಕಾರಣ. ಸ್ಕಾಟ್‌ಲೆಂಡಿನ ಡಂಡೀ ಸಮೀಪದ ಇನ್ವರ್‌ಗೌರಿಯಲ್ಲಿ, ಈಗ ಜೇಮ್ಸ್ ಹಟನ್ ಸಂಸ್ಥೆಯ ಭಾಗವಾಗಿರುವ ಕೇಂದ್ರದಲ್ಲಿ, ಪರ್ವತಗಳ ಹೆಸರಿನ ‘ಬೆನ್’ ಸರಣಿಯ ತಳಿಗಳು ಹುಟ್ಟಿದವು: ಬೆನ್ ಲೋಮಂಡ್, ಬೆನ್ ಹೋಪ್, ಬೆನ್ ಟಿರಾನ್ ಮುಂತಾದವು. ಬ್ರಿಟನ್ನಿನಲ್ಲಿ ಬೆಳೆಯುವ ಬ್ಲ್ಯಾಕ್‌ಕರಂಟ್‌ನ ಬಹುಪಾಲು ರೈಬೀನಾ ಪೇಯಕ್ಕೇ ಹೋಗುವುದರಿಂದ, ಗಾಢ ಬಣ್ಣ, ಸಾಕಷ್ಟು ಆಮ್ಲ, ಸಿ ಜೀವಸತ್ವ, ಯಂತ್ರದ ಕೊಯ್ಲಿಗೆ ಹೊಂದುವ ಗುಣ ಇವೇ ಆಯ್ಕೆಯ ಮಾನದಂಡಗಳಾದವು. ಪೇಯಕ್ಕೆ ಸಕ್ಕರೆಯನ್ನು ಕಾರ್ಖಾನೆಯಲ್ಲಿ ಸೇರಿಸಬಹುದು, ಆಮ್ಲವೂ ಘಮವೂ ಹಣ್ಣಿನಿಂದಲೇ ಬರಬೇಕು. ಹಸಿಯಾಗಿ ತಿನ್ನಲೆಂದೇ ಆರಿಸಿದ ‘ಬಿಗ್ ಬೆನ್’ ಇದಕ್ಕೆ ಅಪವಾದ. ಹಣ್ಣು ದೊಡ್ಡದು, ರುಚಿ ಹೆಚ್ಚು ಸಿಹಿ. ಫಿನ್‌ಲೆಂಡಿನ ತೋಟಗಳಲ್ಲಿ ಬಹುಕಾಲದಿಂದ ಮುಂದಿರುವುದು ಉತ್ತರ ಸ್ವೀಡನ್ನಿನ ‘ಓಯೆಬ್ಯೂನ್’. ಇಲ್ಲಿಯವೇ ಆದ ‘ಮೊರ್ತ್ತಿ’, ‘ಮೆಲಲಾಹ್ತಿ’ ತಳಿಗಳೂ ಇವೆ.

ಬ್ಲ್ಯಾಕ್‌ಕರಂಟ್‌ನ ಘಮದಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಎಲೆ, ಮೊಗ್ಗನ್ನು ಉಜ್ಜಿದಾಗ ಬರುವ ರಾಳದಂಥ ವಾಸನೆ ಟರ್ಪೀನ್‌ಗಳದ್ದು. ಕ್ಯಾರೀನ್, ಸ್ಯಾಬಿನೀನ್, ಟರ್ಪಿನೋಲೀನ್ ಇವುಗಳ ಪ್ರಮಾಣ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ. ಹಣ್ಣಿನ ಸಿಹಿಘಮ ಈಥೈಲ್ ಬ್ಯುಟನೋಯೇಟ್‌ನಂಥ ಎಸ್ಟರ್‌ಗಳದ್ದು. ಇನ್ನು ಕೆಲವರಿಗೆ ಬೆಕ್ಕಿನ ನೆನಪು ತರಿಸುವ ಘಾಟು ಗಂಧಕವಿರುವ ಒಂದು ಥಯಾಲ್‌ನದ್ದು, ಅತಿ ಸೂಕ್ಷ್ಮ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಈ ಘಾಟು ಒಗ್ಗದಿದ್ದರೆ ಫಿನ್‌ಲೆಂಡಿನ ‘ವೆರ್ತ್ತಿ’ ತಳಿಯನ್ನು ನೋಡಬಹುದು. ಅದು ಬ್ಲ್ಯಾಕ್‌ಕರಂಟ್ ಆಗಿದ್ದೂ ಹಣ್ಣು ಮಾಗಿದ ಮೇಲೂ ಹಸಿರಾಗಿಯೇ ಇರುತ್ತದೆ. ಕಪ್ಪು ಬಣ್ಣದ ಆಂಥೋಸಯನಿನ್ ಅದರಲ್ಲಿ ಇಲ್ಲ, ರುಚಿಯೂ ಮೃದು. ಹಕ್ಕಿಗಳ ಕಣ್ಣಿಗೂ ಅದು ಬೇಗ ಬೀಳುವುದಿಲ್ಲ ಎಂಬುದು ಬೆಳೆಗಾರರು ಹೇಳುವ ಹೆಚ್ಚುವರಿ ಲಾಭ.

ಸ್ಟ್ರಾಬೆರ್ರಿಯ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು: ಫಿನ್‌ಲೆಂಡಿನ ಮಾರುಕಟ್ಟೆಯಲ್ಲಿ ‘ಪೋಲ್ಕಾ’ ತಳಿಯನ್ನು ಕೇಳಿ ಕೊಳ್ಳುವವರಿದ್ದಾರೆ, ಬೇಗ ಬರುವ ‘ಹನಿಯಾಯ್’ ಹುಳಿ ಎಂದು ದೂರುವವರೂ ಇದ್ದಾರೆ. ಇಲ್ಲಿ ಸಕ್ಕರೆಯಷ್ಟೇ ಮುಖ್ಯವಾಗಿ ಫ್ಯುರಾನಿಯಾಲ್, ಮೆಸಿಫ್ಯುರೇನ್ ಎಂಬ ಘಮದ ಸಂಯುಕ್ತಗಳು ಸಿಹಿಯ ಭಾವನೆಯನ್ನು ಹೆಚ್ಚಿಸುತ್ತವೆ. ಮೆಸಿಫ್ಯುರೇನ್ ಮೊದಲು ಗುರುತಾದದ್ದು ಫಿನ್‌ಲೆಂಡಿನವರು ಮೆಸಿಮಾರ್ಯಾ ಎಂದು ಕರೆಯುವ, ನೆಲಕ್ಕಂಟಿ ಬೆಳೆಯುವ ಆರ್ಕ್ಟಿಕ್ ಬ್ರ್ಯಾಂಬಲ್ ಹಣ್ಣಿನಲ್ಲಿ. 1732ರಲ್ಲಿ ಲ್ಯಾಪ್‌ಲೆಂಡಿನ ಪಯಣದಲ್ಲಿ ಈ ಹಣ್ಣನ್ನು ತಿಂದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮುಂದೆ 1737ರಲ್ಲಿ ಪ್ರಕಟವಾದ ತನ್ನ ಲ್ಯಾಪ್‌ಲೆಂಡಿನ ಸಸ್ಯಗ್ರಂಥದಲ್ಲಿ ಅದನ್ನು ಮನಸಾರೆ ಹೊಗಳಿದ. ಇದರ ‘ಮೆಸ್ಪಿ’, ‘ಮೆಸ್ಮಾ’ ಎಂಬ ತೋಟದ ತಳಿಗಳೂ, ಅಲಾಸ್ಕದ ಬಂಧುವಿನೊಡನೆ ಸಂಕರ ಮಾಡಿದ ಸ್ವೀಡನ್ನಿನ ‘ಅನ್ನಾ’, ‘ಬೆಯಾಟಾ’ ಮುಂತಾದವೂ ಸಿಗುತ್ತವೆ. ಸಂಕರ ತಳಿಗಳು ಹೆಚ್ಚು ಹಣ್ಣು ಬಿಡುತ್ತವೆ. ಪರಿಮಳದಲ್ಲಿ ಶುದ್ಧ ಮೆಸಿಮಾರ್ಯಾವನ್ನು ಮುಟ್ಟುವುದಿಲ್ಲ ಎಂಬುದು ರುಚಿ ಬಲ್ಲವರ ಸಾಮಾನ್ಯ ಅಭಿಪ್ರಾಯ, ನನ್ನದೂ ಅದೇ.

ದೀರ್ಘ ಹಗಲಿನ ಮಾತಿಗೆ ಬರುತ್ತೇನೆ. ಬೆಳಕು ಹೆಚ್ಚಿದ್ದರೆ ಎಲೆ ಹೆಚ್ಚು ಸಕ್ಕರೆ ತಯಾರಿಸುತ್ತದೆ ಎಂಬ ತರ್ಕ ಸರಿಯೇ. ಆದರೆ ಉತ್ತರಕ್ಕೆ ಹೋದಂತೆ ಬೆಳಕಿನ ಜೊತೆಗೆ ತಂಪೂ ಹೆಚ್ಚುತ್ತದೆ, ಬೆಳವಣಿಗೆಯ ಕಾಲ ಕುಗ್ಗುತ್ತದೆ. ಹಣ್ಣು ಮಾಗುವಾಗ ಉಸಿರಾಟದ ಕ್ರಿಯೆಯಲ್ಲಿ ಆಮ್ಲ, ವಿಶೇಷವಾಗಿ ಮ್ಯಾಲಿಕ್ ಆಮ್ಲ, ಖರ್ಚಾಗುತ್ತದೆ. ತಂಪಿನಲ್ಲಿ ಆ ಖರ್ಚು ನಿಧಾನವಾಗುವುದರಿಂದ ಆಮ್ಲ ಉಳಿದುಕೊಳ್ಳುತ್ತದೆ. ಒಂದೇ ಬ್ಲ್ಯಾಕ್‌ಕರಂಟ್ ತಳಿಗಳನ್ನು ದಕ್ಷಿಣ ಫಿನ್‌ಲೆಂಡಿನ ಪೀಕ್ಕಿಯೊದಲ್ಲಿಯೂ ರೊವಾನಿಯೆಮಿ ಬಳಿಯ ಅಪುಕ್ಕಾದಲ್ಲಿಯೂ ಬೆಳೆದು ವರ್ಷಗಟ್ಟಲೆ ಹೋಲಿಸಿದಾಗ ದಕ್ಷಿಣದ ಹಣ್ಣಿನಲ್ಲಿಯೇ ಸಕ್ಕರೆ ಹೆಚ್ಚು ಕಂಡಿತು. ಬಣ್ಣದ ಮಾತು ಬೇರೆ, ಬಿಲ್‌ಬೆರ್ರಿಯ ಆಂಥೋಸಯನಿನ್ ಉತ್ತರದಲ್ಲಿ ಹೆಚ್ಚಾಗುತ್ತದೆ. ಸಿಹಿಯ ಬಗ್ಗೆ ಮಾತ್ರ ನಿಮ್ಮ ನೆರೆಹೊರೆಯವರ ನಂಬಿಕೆಯನ್ನು ನಾನು ಒಪ್ಪಲಾರೆ. ಒಂದೇ ಊರಿನಲ್ಲಿ ಬಿಸಿಲಿನ ವರ್ಷಕ್ಕೂ ಮೋಡ ಕವಿದ ವರ್ಷಕ್ಕೂ ನಡುವಿನ ವ್ಯತ್ಯಾಸವೇ ಕೆಲವು ತಳಿಗಳ ನಡುವಿನ ವ್ಯತ್ಯಾಸವನ್ನು ಮೀರಿಸುವುದುಂಟು. ಆದ್ದರಿಂದ ಒಂದು ಬೇಸಿಗೆಯ ಅನುಭವದ ಮೇಲೆ ತೆರ್ಹಿಯನ್ನು ಕಿತ್ತು ಹಾಕಬೇಡಿ.

ಈ ವರ್ಷ ಎರಡು ಕೆಲಸ ಮಾಡಿ ನೋಡಿ. ಮನೆಯಲ್ಲಿ ವೈನ್ ಮಾಡುವವರಿಗಾಗಿ ಮಾರುವ ಆಮ್ಲ ಅಳೆಯುವ ಕಿಟ್ ಒಂದನ್ನು ತಂದು, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ ಎರಡೂ ರಸಗಳನ್ನು ಟೈಟ್ರೇಟ್ ಮಾಡಿ, ಅಂದರೆ ಆಮ್ಲವೆಲ್ಲ ತಟಸ್ಥವಾಗಲು ಎಷ್ಟು ದ್ರಾವಣ ಬೇಕಾಯಿತು ಎಂದು ಹನಿಹನಿಯಾಗಿ ಬೆರೆಸಿ ನೋಡಿ. ಅಂಥ ಕಿಟ್‌ಗಳು ಸಾಮಾನ್ಯವಾಗಿ ಉತ್ತರವನ್ನು ಟಾರ್ಟಾರಿಕ್ ಆಮ್ಲದ ಲೆಕ್ಕದಲ್ಲಿ ಕೊಡುತ್ತವೆ. ಸೀ ಬಕ್‌ಥಾರ್ನ್‌ಗೆ ಮ್ಯಾಲಿಕ್ ಲೆಕ್ಕ ಬೇಕಾದರೆ ಆ ಅಂಕಿಯನ್ನು 0.89ರಿಂದ, ಬ್ಲ್ಯಾಕ್‌ಕರಂಟ್‌ಗೆ ಸಿಟ್ರಿಕ್ ಲೆಕ್ಕ ಬೇಕಾದರೆ 0.85ರಿಂದ ಗುಣಿಸಿ. ಸೀ ಬಕ್‌ಥಾರ್ನ್ ರಸದ ಬಣ್ಣ ಗಾಢವಾದ್ದರಿಂದ ಸೂಚಕದ ಬಣ್ಣ ಬದಲಾಗುವುದು ಸರಿಯಾಗಿ ಕಾಣದು, ರಸವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಹತ್ತು ಪಟ್ಟು ತಿಳಿ ಮಾಡಿಕೊಳ್ಳಬೇಕು. ಎರಡನೆಯದು ಕೊಯ್ಲಿನ ಸಮಯ. ಬಣ್ಣ ಬಂದ ಕೂಡಲೇ ಕೀಳುವವರೇ ಹೆಚ್ಚು. ತೆರ್ಹಿಯ ಹಣ್ಣನ್ನು ವಾರಕ್ಕೊಮ್ಮೆ ಒಂದಷ್ಟು ಕಿತ್ತು ಆಮ್ಲ ನೋಡುತ್ತ ಹೋದರೆ ಅದು ಇಳಿಯುವುದು ಕಾಣುತ್ತದೆ, ಜೊತೆಗೆ ಸಿ ಜೀವಸತ್ವವೂ ಇಳಿಯುತ್ತದೆ. ಅತಿಯಾಗಿ ಕಾದರೆ ಹಳಸಲು ಬೆಣ್ಣೆಯಂಥ ವಾಸನೆ ಬರತೊಡಗುತ್ತದೆ, ಅಷ್ಟರೊಳಗೆ ಕೊಯ್ಲು ಮುಗಿದಿರಲಿ. ಈ ಹಣ್ಣಿನ ಹಿತವಾದ ಪರಿಮಳ ಬಹುಮಟ್ಟಿಗೆ ಎಸ್ಟರ್‌ಗಳದ್ದು, ಕುದಿಸಿದರೆ ಹಾರಿಹೋಗುತ್ತದೆ. ಹಿಂಡಿ ಶೈತ್ಯೀಕರಿಸಿ ಇಡುವುದೇ ಸರಿ.

ಮಕ್ಕಳಿಗಾಗಿ ಉಳಿದ ಜಾಗದಲ್ಲಿ ನಾನಾಗಿದ್ದರೆ ನೀಲಿ ಬೆರ್ರಿ ಬಿಡುವ ಹಾಸ್ಕಾಪ್ ಪೊದೆ ನೆಡುತ್ತಿದ್ದೆ. ಫಿನ್‌ಲೆಂಡಿನ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ, ಹಣ್ಣೂ ಸ್ಟ್ರಾಬೆರ್ರಿಗೆ ಸ್ಪರ್ಧೆ ಕೊಡುವಷ್ಟು ಬೇಗ ಬರುತ್ತದೆ. ಹಳೆಯ ಕೆಲವು ತಳಿಗಳಲ್ಲಿ ಇರಿಡಾಯ್ಡ್‌ಗಳೆಂಬ ಸಂಯುಕ್ತಗಳ ಕಹಿ ಇರುತ್ತದೆ, ಆದ್ದರಿಂದ ಹೆಸರಿಲ್ಲದ ಸಸಿಯನ್ನು ತರಬೇಡಿ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ರಷ್ಯಾ ಮತ್ತು ಜಪಾನಿನ ಮೂಲಗಳನ್ನು ಬಳಸಿ ರೂಪಿಸಿದ ತಳಿಗಳಲ್ಲಿ ಆ ಕಹಿಯನ್ನು ಆಯ್ಕೆಯಿಂದಲೇ ದೂರವಿಡಲಾಗಿದೆ. 2007ರ ಸುಮಾರಿಗೆ ಬಂದ ‘ಟಂಡ್ರಾ’, ‘ಬೋರಿಯಾಲಿಸ್’ ಹುಳಿಸಿಹಿಯಾದರೆ, ಅನಂತರ ಬಂದ ‘ಅರೋರಾ’ ಇವುಗಳಿಗಿಂತ ಸಿಹಿ, ಹುಳಿಯೂ ಮೃದು. ಹಾಸ್ಕಾಪ್‌ಗೆ ಒಂದೇ ಸಮಯಕ್ಕೆ ಹೂ ಬಿಡುವ ಎರಡು ಬೇರೆ ಬೇರೆ ತಳಿಗಳು ಬೇಕು. ಅರೋರಾದ ಜೊತೆಗೆ ಟಂಡ್ರಾ ಅಥವಾ ಬೋರಿಯಾಲಿಸ್ ಹೊಂದುತ್ತದೆ. ಹಣ್ಣಿನ ಸಿಪ್ಪೆ ನೀಲಿಯಾದ ಮೇಲೂ ಒಂದೆರಡು ವಾರ ಒಳಗಿನ ತಿರುಳು ಹಸಿರಾಗಿಯೇ, ಹುಳಿಯಾಗಿಯೇ ಇರುತ್ತದೆ. ಒಂದು ಹಣ್ಣನ್ನು ಮುರಿದು, ಒಳಗೆಲ್ಲ ಕೆಂಪು–ನೇರಳೆ ಬಣ್ಣ ತಿರುಗಿದ್ದು ಕಂಡ ಮೇಲೆಯೇ ಮಕ್ಕಳನ್ನು ಗಿಡದ ಹತ್ತಿರ ಬಿಡಿ.